ಮಳೆಗೆ ಸ್ಟಾರ್ಟ್ ಆಗದ ಹಳೆ 800, ಅನುಭವ ಇದ್ದವರು ಹೇಳಿ

ಬದಿಯಡ್ಕದಿಂದ: ನನ್ನದು 1997ರ ಮಾರುತಿ 800, ಕಾರ್ಬ್ಯುರೇಟರ್ ಗಾಡಿ. ಮಳೆ ಹಿಡಿದ ಮೇಲೆ ಬೆಳಿಗ್ಗೆ ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಮಧ್ಯಾಹ್ನ ಬಿಸಿಲು ಬಂದರೆ ಒಂದೇ ಸಲಕ್ಕೆ ಸ್ಟಾರ್ಟ್. ಏನಿರಬಹುದು?

ಕುಂಬಳೆಯಿಂದ: ಮೊದಲು ಅರ್ಥ್ ವಯರ್ ನೋಡಿ ಮಾರಾಯ್ರೇ. ನನ್ನ ಒಮ್ನಿಗೆ ಹೊಸ ಬ್ಯಾಟರಿ 3,800, ಸೆಲ್ಫ್ ಮೋಟಾರಿನ ಕಾರ್ಬನ್ ಬ್ರಶ್ 900, ಸೊಲೆನಾಯ್ಡ್ 650. ಎಲ್ಲಾ ಕೊಟ್ಟ ಮೇಲೂ ಬರೀ ಟಿಕ್ ಟಿಕ್. ಕೊನೆಗೆ ನೋಡಿದರೆ ಗೇರ್‌ಬಾಕ್ಸಿನಿಂದ ಗಾಡಿಯ ಬಾಡಿಯವರೆಗೆ ಹೋಗುವ ಅರ್ಥ್ ವಯರಿನ ತುದಿ ಹಸಿರು ಕಟ್ಟಿತ್ತು. ಕಡಲ ಬದಿಯ ಉಪ್ಪುಗಾಳಿ ಅಲ್ವಾ! ಉಪ್ಪುಕಾಗದದಲ್ಲಿ ಉಜ್ಜಿದೆ, ಮುಗಿಯಿತು. ಆ 5,350 ರೂಪಾಯಿ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನೀರ್ಚಾಲಿನಿಂದ: ಸೆಲ್ಫ್ ಚೆನ್ನಾಗಿ ತಿರುಗುತ್ತದೆ ಎಂದು ಅವರೇ ಬರೆದಿದ್ದಾರೆ. ಓದಿಯೇ ಇಲ್ವಾ? ಇದು ಪ್ಲಗ್ಗಿಗೆ ಕರೆಂಟ್ ತಲುಪದ ಕೇಸು. ಅಪ್ಪನ ಪ್ರೀಮಿಯರ್ ಪದ್ಮಿನಿ ಕಾರು ಇವತ್ತಿಗೂ ನನ್ನ ಅಂಗಳದಲ್ಲಿದೆ. ಆಟಿ ತಿಂಗಳ ಮಳೆಗೆ ಅದೂ ಹೀಗೇ ಹಟ ಹಿಡಿಯುತ್ತಿತ್ತು. ಗ್ಯಾರೇಜಿನವರು ಕಾಯಿಲ್, ಕಂಡೆನ್ಸರ್, ಪಾಯಿಂಟ್ ಬದಲಿಸಿ 2,700 ತೆಗೆದುಕೊಂಡರು. ಮರುದಿನ ಮತ್ತೆ ಅದೇ ಕತೆ. ರಾತ್ರಿ ಲೈಟ್ ಆರಿಸಿ, ಬಾನೆಟ್ ಎತ್ತಿ, ಮಗನಿಗೆ ಸೆಲ್ಫ್ ಹೊಡೆಯಲು ಹೇಳಿದೆ. ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪಿನ ಮೇಲೆ ನೀಲಿ ಕಿಡಿ ಹರಿದಾಡುತ್ತಿತ್ತು! ಬಿಚ್ಚಿದರೆ ಒಳಗೆಲ್ಲ ಪಸೆ, ಜೊತೆಗೆ ಕೂದಲೆಳೆಯಷ್ಟು ಸಪೂರದ ಕಪ್ಪು ಬಿರುಕು. ಕ್ಯಾಪ್, ರೋಟರ್ ಸೇರಿ 480. ಆಮೇಲೆ ಯಾವ ಮಳೆಗೂ ಜಗ್ಗಿಲ್ಲ.

ಉಪ್ಪಳದಿಂದ: ಎಲ್ಲವೂ ಕರೆಂಟಿನದ್ದೇ ಅಲ್ಲ. ನನ್ನ 800 ರಾತ್ರಿ ನಿಂತರೆ ಕಾರ್ಬ್ಯುರೇಟರ್ ಖಾಲಿ. ಎಂಜಿನ್ನಿಗೆ ಪೆಟ್ರೋಲ್ ಎಳೆಯುವ ಪಂಪಿನ ಡಯಾಫ್ರಾಮ್, ಅಂದರೆ ಒಳಗಿನ ರಬ್ಬರ್ ಪೊರೆ, ಹರಿದಿತ್ತು. ಪಂಪಿಗೆ ಮಂಗಳೂರಿಗೆ ಹೋಗಬೇಕಾಯಿತು, 1,150. ಪೈಪ್ ಬೇರೆ. ಎಥೆನಾಲ್ ಬೆರೆಸಿದ ಪೆಟ್ರೋಲಿಗೆ ಹಳೆ ರಬ್ಬರ್ ತಡೆಯುವುದಿಲ್ಲ.

ನೀರ್ಚಾಲಿನಿಂದ: ಹರಿದ ಡಯಾಫ್ರಾಮ್ ಬಿಸಿಲು ಬಂದ ಕೂಡಲೇ ಹೊಲಿದುಕೊಳ್ಳುತ್ತದಾ? ಸುಮ್ನೆ ಅವರಿಗೆ ಖರ್ಚು ಮಾಡಿಸಬೇಡಿ.

ಉಪ್ಪಳದಿಂದ: ಪದ್ಮಿನಿಯ ನಾಲ್ಕು ಸಿಲಿಂಡರ್ ನೋಡಿದವರು ಮೂರು ಸಿಲಿಂಡರಿನ 800ರ ವಿಷಯ ಮಾತಾಡುವುದು ಬೇಡ. ನನ್ನ ದುಡ್ಡು ಹೋಗಿ ಕಲಿತದ್ದು ಇದು.

ಮುಳ್ಳೇರಿಯದಿಂದ: 15 ವರ್ಷ ದಾಟಿದ ಗಾಡಿ ಕೊಟ್ಟುಬಿಡಿ. ರಿಜಿಸ್ಟ್ರೇಷನ್ ರಿನ್ಯೂವಲ್‌ಗೆ ಬಾಡಿ ವರ್ಕ್, ಪೇಂಟ್, ಟಯರ್ ಎಂದು ನನಗೆ 28,000 ಹೇಳಿದರು. ಮಾರಿದೆ, ನೆಮ್ಮದಿಯಾಗಿದ್ದೇನೆ.

ಕುಂಬಳೆಯಿಂದ: ಮಾರುವ ಸಲಹೆ ಇಲ್ಲಿ ಯಾರು ಕೇಳಿದ್ದು? ನನ್ನ ಒಮ್ನಿ ಈಗಲೂ ಅಡಿಕೆ ಮೂಟೆ ಹೊತ್ತು ಪೆರ್ಲ ಗುಡ್ಡ ಹತ್ತುತ್ತದೆ.

ನೀರ್ಚಾಲಿನಿಂದ: ಬದಿಯಡ್ಕದ ಅಣ್ಣಾ, ನಾಳೆ ಬೆಳಿಗ್ಗೆ ಸೆಲ್ಫ್ ಹೊಡೆಯುವ ಮೊದಲು ಕ್ಯಾಪ್ ಬಿಚ್ಚಿ ಒಣಬಟ್ಟೆಯಲ್ಲಿ ಒರೆಸಿ. ಪ್ಲಗ್ ವಯರ್ ಅದಲು ಬದಲಾಗದಂತೆ ಮೊದಲೇ ಗುರುತು ಹಾಕಿಕೊಳ್ಳಿ. ಎಂಜಿನ್ ಹಿಡಿದರೆ ಇಲ್ಲಿಯೇ ಬರೆಯಿರಿ, ಉಪ್ಪಳದವರಿಗೂ ಗೊತ್ತಾಗಲಿ.