ಸಹಾಯ ಬೇಕು: ಬಳ್ಳಾರಿಯಲ್ಲಿ ಹಳೇ ಕಾರ್ ಗೇಮ್ ಮಷಿನ್ ರಿಪೇರಿ

ಎಲ್ಲರಿಗೂ ನಮಸ್ಕಾರ. ಸೆಗಾದವರ ಔಟ್ ರನ್ ಗೇಮ್ ನೆನಪಿದೆಯಾ? 1986ರದ್ದು. ಅದರ ನಿಂತು ಆಡುವ ಮಷಿನ್ ಒಂದು ಸಿಕ್ಕಿದೆ. ಕೌಲ್ ಬಜಾರ್‌ನ ನಮ್ಮ ಮನೆ ಪಡಸಾಲೆಯಲ್ಲೇ ಬಿಚ್ಚಿಟ್ಟಿದ್ದೇನೆ. ಮನೆಯವರು ಸದ್ಯಕ್ಕೆ ಸುಮ್ನೆ ಇದ್ದಾರೆ.

ಆನ್ ಮಾಡಿದರೆ ಸೌಂಡ್ ಚೆನ್ನಾಗಿ ಬರುತ್ತದೆ. ಕಾಯಿನ್ ಸ್ವಿಚ್ ಒತ್ತಿ ಸ್ಟಾರ್ಟ್ ಮಾಡಿದರೆ ಹಾಡು ಆರಿಸೋಕೂ ಆಗುತ್ತದೆ. ಅಂದ್ರೆ ಬೋರ್ಡ್‌ಗೆ ಜೀವ ಇದೆ. ಆದರೆ ಪರದೆ ಮೇಲೆ ನಡುವಿನಲ್ಲಿ ಅಡ್ಡಕ್ಕೆ ಒಂದೇ ಒಂದು ಬಿಳಿ ಗೆರೆ. ವರ್ಟಿಕಲ್ ಸೆಕ್ಷನ್ (ಚಿತ್ರವನ್ನು ಮೇಲಿಂದ ಕೆಳಗೆ ಹರಡುವ ಭಾಗ) ಹೋಗಿರಬೇಕು. ಐಸಿ, ಕೆಪಾಸಿಟರ್ ಅಥವಾ ಬರೀ ಡ್ರೈ ಸೋಲ್ಡರ್ (ಬಿಟ್ಟುಹೋದ ಬೆಸುಗೆ), ಯಾವುದಾದರೂ ಇರಬಹುದು. ಪಿಕ್ಚರ್ ಟ್ಯೂಬ್‌ನಲ್ಲಿ ಸ್ವಿಚ್ ಆಫ್ ಮಾಡಿದ ಮೇಲೂ ಸಾವಿರಾರು ವೋಲ್ಟ್ ಉಳಿದಿರುತ್ತದೆ, ಹಾಗಾಗಿ ಅದಕ್ಕೆ ನಾನು ಕೈ ಹಾಕುವುದಿಲ್ಲ. ಬಳ್ಳಾರಿ, ಹೊಸಪೇಟೆ ಕಡೆ ಹಳೇ ಡಬ್ಬಾ ಟಿವಿ ರಿಪೇರಿ ಮಾಡುವ ಮೆಕ್ಯಾನಿಕ್ ಇನ್ನೂ ಯಾರಾದರೂ ಇದ್ದಾರಾ? ಮನೆಗೇ ಬರಬೇಕು, ಮಷಿನ್ ಸಿಕ್ಕಾಪಟ್ಟೆ ಭಾರ.

ಇನ್ನೊಂದು ಸ್ಟೇರಿಂಗ್ ತೊಂದರೆ. ಒಳಗಿನ ಪೊಟೆನ್ಶಿಯೋಮೀಟರ್ (ತಿರುಗಿಸಿದಂತೆ ರೆಸಿಸ್ಟೆನ್ಸ್ ಬದಲಾಗುವ ಪಾರ್ಟ್) ಸವೆದಿದೆ. ಮಲ್ಟಿಮೀಟರ್ ಇಟ್ಟು ನಿಧಾನಕ್ಕೆ ತಿರುಗಿಸಿದರೆ ನಡುವೆ ಬಂದಾಗ ರೀಡಿಂಗ್ ಎಗರುತ್ತದೆ. 5 ಕಿಲೋ ಓಮ್, ಲೀನಿಯರ್ (ತಿರುಗಿಸಿದಷ್ಟೂ ಸಮವಾಗಿ ಬದಲಾಗುವಂಥದ್ದು) ಬೇಕು. ಅಂಗಡಿಯಲ್ಲಿ ಕೇಳಿದರೆ ಆಂಪ್ಲಿಫೈಯರ್ ವಾಲ್ಯೂಮ್‌ದು ಕೊಡುತ್ತಾರೆ. ಅದು ಸಾಮಾನ್ಯವಾಗಿ ಲಾಗ್ (ಸಮವಾಗಿ ಬದಲಾಗದ್ದು) ಇರುತ್ತದೆ, ಸ್ವಲ್ಪ ತಿರುಗಿಸಿದರೆ ಕಾರು ಒಂದು ಕಡೆ ಜಾಸ್ತಿ ಎಳೆಯುತ್ತದೆ. ಒಳ್ಳೆ ಕ್ವಾಲಿಟಿಯದ್ದು ಎಲ್ಲಿ ಸಿಗುತ್ತದೆ ಹೇಳಿ. ಬೆಂಗಳೂರಿನ ಎಸ್‌ಪಿ ರೋಡ್‌ನಿಂದ ಕೊರಿಯರ್ ಮಾಡುವವರಿದ್ದರೂ ಆಗುತ್ತದೆ.

"ಟ್ಯೂಬ್ ತೆಗೆದು ಎಲ್‌ಸಿಡಿ ಹಾಕು" ಅಂತ ದಯವಿಟ್ಟು ಹೇಳಬೇಡಿ. ಟ್ಯೂಬ್ ಪೂರ್ತಿ ಸತ್ತಿದೆ ಅಂತ ಗೊತ್ತಾದರೆ ಆಮೇಲೆ ನೋಡೋಣ. ಪರದೆ, ಬೋರ್ಡ್ ಎರಡರ ಫೋಟೋನೂ ಕಮೆಂಟ್‌ನಲ್ಲಿ ಹಾಕುತ್ತೇನೆ.