ಸಹಾಯ ಬೇಕು: ದೆಹಲಿಗೆ ಕಣ್ಣೂರಿಂದ ಹೋಗೋದಾ, ಬೆಂಗಳೂರಿಂದಾ?

ಎಲ್ಲರಿಗೂ ನಮಸ್ಕಾರ. ನಾವು ವಿರಾಜಪೇಟೆಯವರು. ತಮ್ಮ ಆರ್ಮಿಯಲ್ಲಿದ್ದಾನೆ, ಈಗ ದೆಹಲಿಯಲ್ಲಿ ಪೋಸ್ಟಿಂಗ್, ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕು. ಬೆಂಗಳೂರಿನಿಂದ ದೆಹಲಿಗೆ ಸುಮಾರು 1,700 ಕಿ.ಮೀ., ವಿಮಾನದಲ್ಲಿ ಮೂರು ಗಂಟೆಯೊಳಗೆ ಮುಗಿಯುತ್ತೆ. ಕಷ್ಟ ಇರೋದು ದೇವನಹಳ್ಳಿ ತಲುಪೋದರಲ್ಲಿ. ಬೆಂಗಳೂರು ದಾಟಿ ಹೋಗಬೇಕಲ್ವಾ, ಅಮ್ಮನಿಗೆ ಮಂಡಿನೋವು, ಸ್ವಲ್ಪ ಹೊತ್ತು ಕಾಲು ಮಡಚಿ ಕೂತರೂ ಕಾರಿಂದ ಇಳಿಯುವಾಗ ಬಾಗಿಲು ಹಿಡಿದುಕೊಂಡು ಹಾಗೇ ನಿಂತುಬಿಡುತ್ತಾರೆ. ಮಾಕುಟ್ಟ ಘಾಟಿ ಇಳಿದರೆ ಕಣ್ಣೂರು ವಿಮಾನ ನಿಲ್ದಾಣ ನಮಗೆ ಹತ್ತಿರ. ಆದರೆ ನಡುವೆ ವಿಮಾನ ಬದಲಿಸಬೇಕಾದರೆ ಕಾಯೋದೇ ಜಾಸ್ತಿ ಆಗುತ್ತೆ. ವಯಸ್ಸಾದವರನ್ನು ಕಣ್ಣೂರಿಂದ ಕರೆದುಕೊಂಡು ಹೋದವರು ಯಾರಾದರೂ ಇದ್ದೀರಾ? ವೀಲ್‌ಚೇರ್ ಟಿಕೆಟ್ ಮಾಡುವಾಗಲೇ ಕೇಳಬೇಕಾ? ಈ ಮಳೆಯಲ್ಲಿ ಘಾಟಿ ರಸ್ತೆ ಹೇಗಿದೆ ಅಂತಾನೂ ದಯವಿಟ್ಟು ತಿಳಿಸಿ.