ಸಹಾಯ ಬೇಕು: ಶ್ರೀಲಂಕಾದ ನುವರ ಎಲಿಯದಲ್ಲಿ ಗಾಲ್ಫ್ ಆಡಿದವರು ಯಾರಾದ್ರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ಅಪ್ಪನನ್ನ ಶ್ರೀಲಂಕಾಗೆ ಕರ್ಕೊಂಡು ಹೋಗ್ತಿದ್ದೀವಿ. ನುವರ ಎಲಿಯದಲ್ಲಿ 1889ರಲ್ಲಿ ಶುರುವಾದ ಗಾಲ್ಫ್ ಕ್ಲಬ್ ಇದೆಯಲ್ಲ, ಅಲ್ಲಿ ಒಮ್ಮೆ ಆಡಬೇಕು ಅನ್ನೋದು ಅವರ ಬಹಳ ವರ್ಷದ ಆಸೆ. ಹೇಗಾದ್ರೂ ಈಡೇರಿಸಬೇಕು.

ಊರು ಸುಮಾರು 1,870 ಮೀಟರ್ ಎತ್ತರದಲ್ಲಿದೆ. ಜನವರಿ ಬೆಳಗ್ಗೆ ಒಮ್ಮೊಮ್ಮೆ ಹುಲ್ಲಿನ ಮೇಲೆ ಹಿಮ ಕಟ್ಟುವಷ್ಟು ಚಳಿಯಂತೆ. ಅಪ್ಪನಿಗೆ ಮಂಡಿನೋವು ಬೇರೆ. 18 ಹೋಲ್ (ಚೆಂಡು ಹಾಕೋ ಗುಳಿಗಳು, ಅಂದ್ರೆ ಪೂರ್ತಿ ಒಂದು ಸುತ್ತು) ನಡೆಯೋದು ಕಷ್ಟ, 9 ಹೋಲ್ ಮಾತ್ರ ಆಡೋಕೆ ಬಿಡ್ತಾರಾ? ಏರಿಳಿತ ಎಷ್ಟಿದೆ? ಬೆಳಗ್ಗೆ ಎಷ್ಟು ಹೊತ್ತಿಗೆ ಶುರು ಮಾಡಿದ್ರೆ ಒಳ್ಳೇದು? ಆಡೋ ಕೋಲುಗಳು, ಶೂ ಅಲ್ಲೇ ಬಾಡಿಗೆಗೆ ಸಿಗುತ್ತಾ, ಇಲ್ಲಿಂದಲೇ ಹೊತ್ಕೊಂಡು ಹೋಗ್ಬೇಕಾ? ಕೋಲುಗಳ ಚೀಲ ಹೊತ್ಕೊಂಡು ಜೊತೆಗೆ ಬರೋ ಕ್ಯಾಡಿಗಳಿಗೆ ಎಷ್ಟು ಕೊಡೋದು ವಾಡಿಕೆ?

ಇತ್ತೀಚೆಗೆ ಹೋಗಿ ಬಂದವರು ದಯವಿಟ್ಟು ತಿಳಿಸಿ, ಮುಂಚಿತವಾಗಿ ಬುಕ್ ಮಾಡ್ಬೇಕು.